ಇಂಡಿಯಾ ಗೇಟ್ ಮೇಲೆ ಹೆಸರು ಕಾಣದಿದ್ದರೆ

"ದಿಲ್ಲಿಗಿ ಹೋಗಿ ಇಂಡಿಯಾ ಗೇಟಿಗಿ ಮೂರು ಸುತ್ತು ಹಾಕೀವ್ರಿ. ನಮ್ಮ ಕಾಕಾನ ಹೆಸ್ರೇ ಇಲ್ರಿ."

ಯುದ್ಧದಲ್ಲಿ ಮಡಿದವರ ಮನೆಯವರಿಗೆ ಕಾಗದಪತ್ರ ನೋಡಿಕೊಡುವವರು ಕಲಬುರಗಿ, ಯಾದಗಿರಿ, ಬೀದರ ಕಡೆಯಲ್ಲಿ ಪದೇ ಪದೇ ಕೇಳುವ ಮಾತಿದು. ಆ ಕಾಕಾ ತೀರಿಕೊಂಡದ್ದು 1971ರಲ್ಲಿ. ಇಂಡಿಯಾ ಗೇಟ್ ಉದ್ಘಾಟನೆಯಾದದ್ದು 1931ರಲ್ಲಿ. ನಲವತ್ತು ವರ್ಷ ಮೊದಲೇ ಕಟ್ಟಿ ಮುಗಿಸಿದ ಕಮಾನಿನ ಮೇಲೆ ಅವರ ಹೆಸರು ಹೇಗೆ ಬಂದೀತು? ಅವರ ಹೆಸರು ಇರಬೇಕಾದ ಜಾಗ ಅಲ್ಲಿಂದ ಸ್ವಲ್ಪವೇ ನಡಿಗೆ, ಅದೇ ಷಟ್ಕೋನದ ರಸ್ತೆಯೊಳಗೆ. ಅಷ್ಟು ಹತ್ತಿರ ಹೋಗಿಯೂ ಅದನ್ನು ನೋಡದೆ, ಸರ್ಕಾರ ನಮ್ಮವರನ್ನು ಮರೆತೇಬಿಟ್ಟಿತು ಎಂಬ ನೋವು ಹೊತ್ತು ಒಂದು ದಿನಕ್ಕೂ ಮಿಕ್ಕಿ ರೈಲಿನಲ್ಲಿ ಕೂತು ವಾಪಸ್ ಬರುತ್ತಾರೆ. ಇದನ್ನು ಕಂಡಾಗ ಸಂಕಟವೂ ಆಗುತ್ತದೆ, ಸಿಟ್ಟೂ ಬರುತ್ತದೆ.

ಟಿಕೆಟ್ ತೆಗೆಸುವ ಮೊದಲು ಮನೆಯಲ್ಲೇ ಎರಡು ಪ್ರಶ್ನೆಗೆ ಉತ್ತರ ಹುಡುಕಿಕೊಳ್ಳಿ: ಯಾವ ಇಸವಿಯಲ್ಲಿ ತೀರಿಕೊಂಡರು, ಯಾವ ಪಡೆಯಲ್ಲಿದ್ದರು. ಊರು, ತಾಲೂಕು, ಮನೆತನ ಎಲ್ಲ ಆಮೇಲೆ. ಯಾವ ಯುದ್ಧ ಸ್ಮಾರಕದಲ್ಲೂ ಹೆಸರುಗಳನ್ನು ಹಳ್ಳಿಯ ಪ್ರಕಾರ ಜೋಡಿಸಿಲ್ಲ. ಜೇವರ್ಗಿಯವರು, ಸುರಪುರದವರು ಎಂದು ಹೇಳಿದರೆ ಅಲ್ಲಿಯ ಸಿಬ್ಬಂದಿ ಕೈಚೆಲ್ಲುತ್ತಾರೆ. ಅದು ಅವರ ಉದಾಸೀನವಲ್ಲ.

ಇಂಡಿಯಾ ಗೇಟ್ ಕಟ್ಟಿದ್ದು ಮೊದಲ ಮಹಾಯುದ್ಧ ಮತ್ತು 1919ರ ಮೂರನೇ ಅಫ್ಘನ್ ಯುದ್ಧದಲ್ಲಿ ಮಡಿದವರಿಗಾಗಿ. ಅಡಿಗಲ್ಲು ಹಾಕಿದ್ದು 1921ರಲ್ಲಿ, ಎತ್ತರ 42 ಮೀಟರ್. ಸುಮಾರು 70 ಸಾವಿರ ಜನರ ಸ್ಮರಣೆಗೆಂದು ಕಟ್ಟಿದರೂ ಕಲ್ಲಿನ ಮೇಲೆ ಕೆತ್ತಿರುವುದು 13 ಸಾವಿರಕ್ಕೂ ಹೆಚ್ಚು ಹೆಸರು ಮಾತ್ರ, ಅದರಲ್ಲೂ ಮುಖ್ಯವಾಗಿ ವಾಯವ್ಯ ಗಡಿಯಲ್ಲಿ ಮತ್ತು ಅಫ್ಘನ್ ಯುದ್ಧದಲ್ಲಿ ಸತ್ತವರದು. ಎಂದರೆ ಮೊದಲ ಮಹಾಯುದ್ಧದ ಸಿಪಾಯಿಯ ಹೆಸರೂ ಅಲ್ಲಿ ಇರಲೇಬೇಕೆಂದಿಲ್ಲ. ಎರಡನೇ ಮಹಾಯುದ್ಧ, 1962, 1965, 1971, ಕಾರ್ಗಿಲ್, ಇವು ಯಾವುವೂ ಆ ಗೋಡೆಯ ಮೇಲಿಲ್ಲ.

ಹಿರಿಯರಿಗೆ ಗೊಂದಲ ಆಗುವುದಕ್ಕೆ ಕಾರಣವೂ ಇದೆ. 1972ರ ಜನವರಿ 26ರಂದು ಅದೇ ಕಮಾನಿನ ಕೆಳಗೆ ಅಮರ್ ಜವಾನ್ ಜ್ಯೋತಿ ಹಚ್ಚಿದರು, 1971ರ ಯುದ್ಧದಲ್ಲಿ ಮಡಿದವರ ನೆನಪಿಗೆ. ಅಲ್ಲಿಂದ ಹತ್ತಿರಹತ್ತಿರ ಐವತ್ತು ವರ್ಷ, ಪ್ರತಿ ಗಣರಾಜ್ಯೋತ್ಸವಕ್ಕೆ ಪ್ರಧಾನಿ ಅಲ್ಲಿ ಪುಷ್ಪಚಕ್ರ ಇಡುವುದನ್ನು ಜನ ನೋಡಿದ್ದಾರೆ. ಜ್ಯೋತಿ 1971ರವರದು, ಗೋಡೆ 1919ರವರದು. ಇದನ್ನು ಯಾರೂ ಬಿಡಿಸಿ ಹೇಳಲಿಲ್ಲ. 2022ರ ಜನವರಿ 21ರಂದು ಆ ಜ್ಯೋತಿಯನ್ನು ಪಕ್ಕದ ರಾಷ್ಟ್ರೀಯ ಸಮರ ಸ್ಮಾರಕದ ಜ್ಯೋತಿಯ ಜೊತೆ ಸೇರಿಸಿದರು.

ಸ್ವಾತಂತ್ರ್ಯದ ನಂತರ ಮಡಿದವರಿಗೆ ಹೋಗಬೇಕಾದ ಜಾಗ ಆ ರಾಷ್ಟ್ರೀಯ ಸಮರ ಸ್ಮಾರಕ. 2019ರ ಫೆಬ್ರುವರಿ 25ರಂದು ಉದ್ಘಾಟನೆಯಾಯಿತು. ಒಂದರೊಳಗೊಂದು ನಾಲ್ಕು ವೃತ್ತ. ನಡುವೆ ಸ್ತಂಭ ಮತ್ತು ಜ್ಯೋತಿ ಇರುವ ಅಮರ ಚಕ್ರ, ಅದರ ಹೊರಗೆ ಕಂಚಿನ ಭಿತ್ತಿಶಿಲ್ಪಗಳಿರುವ ವೀರತಾ ಚಕ್ರ, ಆಮೇಲೆ ತ್ಯಾಗ ಚಕ್ರ, ಕೊನೆಗೆ ಮರಗಳ ಸಾಲಿನ ರಕ್ಷಕ ಚಕ್ರ. ನಿಮಗೆ ಬೇಕಾದದ್ದು ತ್ಯಾಗ ಚಕ್ರ. ಅಲ್ಲಿಯ ಗೋಡೆಗಳಲ್ಲಿ ಒಬ್ಬೊಬ್ಬರಿಗೂ ಒಂದೊಂದು ಗ್ರಾನೈಟ್ ಫಲಕ. ಉದ್ಘಾಟನೆಯ ಹೊತ್ತಿಗೇ 25,942 ಹೆಸರಿದ್ದವು, ಆಮೇಲೆ ಸೇರುತ್ತ ಬಂದಿವೆ. 1947-48ರ ಕಾಶ್ಮೀರ, ಗೋವಾ, 1962, 1965, 1971, ಸಿಯಾಚಿನ್, ಶ್ರೀಲಂಕಾಕ್ಕೆ ಹೋದ ಶಾಂತಿಪಾಲನಾ ಪಡೆ, ಕಾರ್ಗಿಲ್, ಒಳನಾಡಿನ ಉಗ್ರರ ವಿರುದ್ಧದ ಕಾರ್ಯಾಚರಣೆ ಎಲ್ಲವೂ ಇಲ್ಲಿ ಬರುತ್ತವೆ. ಪ್ರವೇಶ ಉಚಿತ.

ಇಪ್ಪತ್ತೈದು ಸಾವಿರ ಫಲಕಗಳಲ್ಲಿ ಕಣ್ಣಾಡಿಸಿ ಹುಡುಕುವುದು ಆಗದ ಕೆಲಸ. ಹೆಸರು ಹುಡುಕಲು ಸ್ಮಾರಕದ ಜಾಲತಾಣದಲ್ಲೂ ಸ್ಥಳದಲ್ಲೂ ವ್ಯವಸ್ಥೆ ಇದೆ. ಊರಲ್ಲೇ ಹುಡುಕಿ, ಫಲಕದ ಜಾಗ ಬರೆದುಕೊಂಡು ಹೋಗಿ. ಇಲ್ಲಿ ಎಡವುವುದು ಇಂಗ್ಲಿಷ್ ಕಾಗುಣಿತದಲ್ಲಿ. ನಮ್ಮ ಶರಣಬಸಪ್ಪ ಭರ್ತಿಯ ದಿನ ಕ್ಲಾರ್ಕಿನ ಕೈಯಲ್ಲಿ 'ಸರನ್ ಬಸಪ್ಪಾ' ಆಗಿರಬಹುದು, ಮಲ್ಲಣ್ಣ 'ಮಾಲನ್ನಾ', ಹಣಮಂತ 'ಹನುಮಂತ್ ರಾವ್'. ಮನೆತನದ ಹೆಸರು ಬಿಟ್ಟುಹೋಗಿ ತಂದೆಯ ಹೆಸರು ಸೇರಿರಬಹುದು, ಊರಿನ ಹೆಸರೇ ಅಡ್ಡಹೆಸರಾಗಿರಬಹುದು. ಶಾಲೆಯ ದಾಖಲೆಯಲ್ಲಿದ್ದಂತೆ ಟೈಪ್ ಮಾಡಿ 'ಇಲ್ಲ' ಎಂದು ಬಂದ ಕೂಡಲೇ ಕೈಬಿಡಬೇಡಿ. ಸೈನ್ಯದ ಕಾಗದದಲ್ಲಿ ಹೇಗಿದೆಯೋ ಹಾಗೇ ಟೈಪ್ ಮಾಡಿ.

ಜಿಲ್ಲೆಯ ಹೆಸರೂ ಕಾಲಕ್ಕೆ ತಕ್ಕಂತೆ ಬದಲಾಗಿದೆ. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಯಲ್ಲಿ, ಅದಕ್ಕೂ ಮೊದಲಿನ ಕಾಗದದಲ್ಲೆಲ್ಲ ಗುಲ್ಬರ್ಗಾ ಜಿಲ್ಲೆ. ಗುಲ್ಬರ್ಗಾ ಅಧಿಕೃತವಾಗಿ ಕಲಬುರಗಿಯಾದದ್ದು 2014ರ ನವೆಂಬರ್ 1ಕ್ಕೆ. 1956ಕ್ಕಿಂತ ಹಿಂದೆ ಭರ್ತಿಯಾದವರ ರಾಜ್ಯ ಹೈದರಾಬಾದ್, ಮೈಸೂರೂ ಅಲ್ಲ, ಕರ್ನಾಟಕವೂ ಅಲ್ಲ.

ಈ ಹೈದರಾಬಾದ್ ಎಂಬಲ್ಲಿ ನಮ್ಮ ಭಾಗಕ್ಕೇ ಅಂಟಿಕೊಂಡ ದೊಡ್ಡ ತೊಡಕಿದೆ. "ಮುತ್ಯಾ ಹೈದ್ರಾಬಾದ್ ಫೌಜಿನ್ಯಾಗ ಇದ್ದ" ಎಂದು ಮನೆಯಲ್ಲಿ ಹೇಳುತ್ತಾರೆ. ಆ ಹೆಸರಿನ ಪಡೆಗಳು ಎರಡು ಬೇರೆ ಬೇರೆ ಸೈನ್ಯಗಳಲ್ಲಿದ್ದವು. ಒಂದು ನಿಜಾಮರ ಸ್ವಂತ ಸೈನ್ಯ. ಅದರ 1ನೇ ಹೈದರಾಬಾದ್ ಇನ್‌ಫೆಂಟ್ರಿ 1941ರ ಡಿಸೆಂಬರ್‌ನಲ್ಲಿ ಜಪಾನೀಯರು ಮಲಯಾದ (ಈಗಿನ ಮಲೇಷ್ಯಾ) ಕೋಟಾ ಬಾರುವಿನಲ್ಲಿ ಇಳಿದಾಗ ಅಲ್ಲಿಯ ವಿಮಾನ ನೆಲೆಯ ಕಾವಲಿಗಿತ್ತು. ಇವರನ್ನು ಮಹಾಯುದ್ಧದಲ್ಲಿ ಮಡಿದವರ ಪಟ್ಟಿಯಲ್ಲಿ 'ಇಂಡಿಯನ್ ಸ್ಟೇಟ್ ಫೋರ್ಸಸ್' ಎಂಬ ಗುರುತಿನಡಿ ನೋಡಬೇಕು. ಇನ್ನೊಂದು ಬ್ರಿಟಿಷ್ ಇಂಡಿಯನ್ ಆರ್ಮಿಯ 19ನೇ ಹೈದರಾಬಾದ್ ರೆಜಿಮೆಂಟ್. ಅದರ ಒಂದು ಬೆಟಾಲಿಯನ್ನೂ ಅದೇ ಮಲಯಾದಲ್ಲಿ ಕಾದಿತು. 1945ರಲ್ಲಿ ಈ ರೆಜಿಮೆಂಟ್ ಕುಮಾವೂನ್ ರೆಜಿಮೆಂಟ್ ಆಯಿತು. ಮೊದಲ ಪರಮವೀರ ಚಕ್ರ ಪಡೆದ ಮೇಜರ್ ಸೋಮನಾಥ ಶರ್ಮಾ ಸೇವೆಗೆ ಸೇರಿದ್ದು ಈ ಹೈದರಾಬಾದ್ ರೆಜಿಮೆಂಟಿಗೆ, 1947ರ ನವೆಂಬರ್ 3ರಂದು ಬಡಗಾಮ್‌ನಲ್ಲಿ ಮಡಿದದ್ದು 4ನೇ ಕುಮಾವೂನ್‌ನಲ್ಲಿ. ಆ ರೆಜಿಮೆಂಟಿನ ಕೇಂದ್ರ ಈಗ ಉತ್ತರಾಖಂಡದ ರಾಣಿಖೇತ್‌ನಲ್ಲಿದೆ. ನಿಜಾಮರ ಫೌಜಿನವರನ್ನು ರಾಣಿಖೇತ್‌ನಲ್ಲಿ ಕೇಳಿದರೂ, 19ನೇ ರೆಜಿಮೆಂಟಿನವರನ್ನು ಹೈದರಾಬಾದಿನಲ್ಲಿ ಕೇಳಿದರೂ ಉತ್ತರ ಒಂದೇ: ನಮ್ಮಲ್ಲಿಲ್ಲ.

ನಿಜಾಮರ ಕಾಲದ ಕಾಗದ ಮನೆಯಲ್ಲಿದ್ದರೆ ಅದು ಸಾಮಾನ್ಯವಾಗಿ ಉರ್ದುವಿನಲ್ಲಿರುತ್ತದೆ, ಇಸವಿ ಫಸಲಿಯಲ್ಲಿ, ಅಂದರೆ ನಿಜಾಮರ ಆಡಳಿತದ ಕಂದಾಯ ವರ್ಷದಲ್ಲಿ ಇರುತ್ತದೆ. ಉರ್ದು ಓದಬಲ್ಲ ಹಿರಿಯರು ನಮ್ಮ ಊರುಗಳಲ್ಲಿ ಇನ್ನೂ ಇದ್ದಾರೆ, ಹೋಗಿ ಓದಿಸಿ. ಫಸಲಿಗೆ 590 ಕೂಡಿಸಿದರೆ ಆ ವರ್ಷ ಶುರುವಾದ ಇಸವಿ ಸಿಗುತ್ತದೆ. ಹೈದರಾಬಾದಿನ ಫಸಲಿ ವರ್ಷ ಅಕ್ಟೋಬರ್ ಮೊದಲ ವಾರಕ್ಕೆ ಆರಂಭ. ಹಾಗಾಗಿ 1351 ಫಸಲಿ ಎಂದರೆ 1941ರ ಅಕ್ಟೋಬರ್‌ನಿಂದ 1942ರ ಅಕ್ಟೋಬರ್. ಅದನ್ನು 1351 ಹಿಜರಿ ಎಂದು ಲೆಕ್ಕ ಹಾಕಿದರೆ 1932 ಬರುತ್ತದೆ, ಹುಡುಕಾಟವೆಲ್ಲ ಹತ್ತು ವರ್ಷ ಹಿಂದೆ ಸರಿದುಹೋಗುತ್ತದೆ.

ಎರಡೂ ಮಹಾಯುದ್ಧಗಳಲ್ಲಿ ಮಡಿದವರ ಪಟ್ಟಿ ಇರುವುದು ಅವರ ಸಮಾಧಿ, ಸ್ಮಾರಕಗಳನ್ನು ನೋಡಿಕೊಳ್ಳುವ ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಬಳಿ. ಅವರ ಜಾಲತಾಣದಲ್ಲಿ ಉಚಿತವಾಗಿ ಹುಡುಕಬಹುದು. ಹೆಸರು ಸಿಕ್ಕರೆ ಯಾವ ಸ್ಮಾರಕ, ಎಷ್ಟನೇ ಫಲಕ ಎಂಬುದರ ಜೊತೆ ಸ್ಮರಣಪತ್ರವನ್ನೂ ಇಳಿಸಿಕೊಳ್ಳಬಹುದು. ಮಲಯಾ, ಸಿಂಗಾಪುರದಲ್ಲಿ ಮಡಿದು ಸಮಾಧಿ ಇಲ್ಲದವರು ಸಿಂಗಾಪುರದ ಕ್ರಾಂಜಿಯಲ್ಲಿ, ಬರ್ಮಾದವರು ರಂಗೂನ್ ಬಳಿಯ ತೌಕ್ಯಾನ್‌ನಲ್ಲಿ ಇರುವ ಸಾಧ್ಯತೆ ಹೆಚ್ಚು. ಭಾರತದೊಳಗೇ ತೀರಿಕೊಂಡ ಸೈನಿಕರಲ್ಲಿ ಅನೇಕರ ಸ್ಮರಣೆ ದಿಲ್ಲಿ ಕಂಟೋನ್ಮೆಂಟಿನ ಯುದ್ಧ ಸ್ಮಶಾನದಲ್ಲಿದೆ, ಇಂಡಿಯಾ ಗೇಟಿನಿಂದ ದೂರ. ನಮಗೆ ಹತ್ತಿರದ್ದು ಪುಣೆಯ ಖಡಕಿ ಯುದ್ಧ ಸ್ಮಶಾನ. ಕಲಬುರಗಿಯಿಂದ ಸೊಲ್ಲಾಪುರ ದಾರಿಯಲ್ಲಿ ರಾತ್ರಿ ರೈಲು ಹಿಡಿದರೆ ಬೆಳಿಗ್ಗೆ ಅಲ್ಲಿರಬಹುದು. ಆದರೆ ಇರಾಕಿನ ಬಸ್ರಾ ಸ್ಮಾರಕದಲ್ಲಿ ಸಾಮಾನ್ಯ ಭಾರತೀಯ ಸಿಪಾಯಿಗಳ ಹೆಸರು ಕೆತ್ತದೆ ಸಂಖ್ಯೆಯಷ್ಟೇ ಬರೆದರು. ಆ ಅನ್ಯಾಯವನ್ನು ಕಮಿಷನ್ ಈಗ ಒಪ್ಪಿಕೊಂಡಿದೆ. ಮೆಸೊಪೊಟೇಮಿಯಾಕ್ಕೆ, ಅಂದರೆ ಈಗಿನ ಇರಾಕಿಗೆ ಹೋದವರ ಹೆಸರು ಕಲ್ಲಿನ ಮೇಲೆ ಇಲ್ಲದಿದ್ದರೂ ದಾಖಲೆಯಲ್ಲಿ ಸಿಗಬಹುದು.

ಇನ್ನೊಂದು ವ್ಯತ್ಯಾಸವನ್ನು ಮನೆಯವರಿಗೆ ಹೇಳುವುದು ಕಷ್ಟ, ಆದರೆ ಹೇಳಲೇಬೇಕು. ಕಮಿಷನ್ನಿನ ಪಟ್ಟಿಯಲ್ಲಿ ನಿಗದಿಯಾದ ಅವಧಿಯೊಳಗೆ ಸೇವೆಯಲ್ಲಿದ್ದು ಯಾವ ಕಾರಣಕ್ಕೆ ತೀರಿಕೊಂಡರೂ ಹೆಸರು ಬರುತ್ತದೆ: ಗುಂಡಿಗೂ ಸರಿ, ಜ್ವರಕ್ಕೂ ಸರಿ. ಮೊದಲ ಯುದ್ಧಕ್ಕೆ ಆ ಅವಧಿ 1921ರ ಆಗಸ್ಟ್ 31ರವರೆಗೆ. ರಾಷ್ಟ್ರೀಯ ಸಮರ ಸ್ಮಾರಕ ಹಾಗಲ್ಲ. ಸಾಮಾನ್ಯವಾಗಿ ಸೈನ್ಯದ ದಾಖಲೆಯಲ್ಲಿ 'ಬ್ಯಾಟಲ್ ಕ್ಯಾಶುವಲ್ಟಿ', ಅಂದರೆ ಯುದ್ಧದಲ್ಲೋ ಕಾರ್ಯಾಚರಣೆಯಲ್ಲೋ ಮಡಿದವರು ಎಂದು ನಮೂದಾದವರಷ್ಟೇ ಅಲ್ಲಿರುತ್ತಾರೆ. ರಜೆಯಲ್ಲಿ ಊರಿಗೆ ಬರುವಾಗ ಅಪಘಾತದಲ್ಲಿ ಹೋದವರು, ಮಿಲಿಟರಿ ಆಸ್ಪತ್ರೆಯಲ್ಲಿ ಕಾಯಿಲೆಯಿಂದ ಹೋದವರು ಅಲ್ಲಿ ಇಲ್ಲದೆ ಇರಬಹುದು. ಅವರ ಸೇವೆ ಅದರಿಂದ ಕಡಿಮೆಯಾಗಲಿಲ್ಲ, ಪಟ್ಟಿಯ ನಿಯಮ ಹಾಗಿದೆ. ಈ ಮಾತನ್ನು ತಾಯಿಗೆ ಊರಲ್ಲೇ ಕೂರಿಸಿಕೊಂಡು ಹೇಳಿ. ದಿಲ್ಲಿಯ ಗೋಡೆಯ ಮುಂದೆ ನಿಂತಾಗ ಗೊತ್ತಾಗುವಂತೆ ಮಾಡಬೇಡಿ. ಸಿಆರ್‌ಪಿಎಫ್, ಬಿಎಸ್‌ಎಫ್, ಪೊಲೀಸ್ ಪಡೆಯವರಿಗೆ ಚಾಣಕ್ಯಪುರಿಯಲ್ಲಿ 2018ರಲ್ಲಿ ಉದ್ಘಾಟನೆಯಾದ ರಾಷ್ಟ್ರೀಯ ಪೊಲೀಸ್ ಸ್ಮಾರಕ ಬೇರೆಯೇ ಇದೆ. ಅದರ ಗೋಡೆಯ ಮೇಲೆ 34 ಸಾವಿರಕ್ಕೂ ಹೆಚ್ಚು ಹೆಸರಿವೆ.

ಎಲ್ಲ ಹುಡುಕಾಟಕ್ಕೂ ಬೀಗದ ಕೈ ಸೇವಾ ಸಂಖ್ಯೆ. ಪಿಂಚಣಿ ಆದೇಶ ಅಂದರೆ ಪಿಪಿಒದಲ್ಲಿ ಅದು ಇದ್ದೇ ಇರುತ್ತದೆ. ಪಿಪಿಒ ಕಳೆದಿದ್ದರೆ ಟ್ರಂಕಿನಲ್ಲಿರುವ ಪದಕ ತೆಗೆಯಿರಿ. ದುಂಡು ಪದಕದ ಅಂಚಿನ ಮೇಲೆ, ನಕ್ಷತ್ರದಾಕಾರದ್ದಾದರೆ ಹಿಂಬದಿಯಲ್ಲಿ, ಸಂಖ್ಯೆ, ಹುದ್ದೆ, ಹೆಸರು, ಪಡೆ ಇಷ್ಟನ್ನೂ ಸಾಮಾನ್ಯವಾಗಿ ಸಣ್ಣ ಅಕ್ಷರದಲ್ಲಿ ಒತ್ತಿರುತ್ತಾರೆ. ಅಕ್ಷರ ಕಾಣುವುದಿಲ್ಲ ಎಂದು ಹುಣಸೆಹಣ್ಣು, ಬೂದಿ, ಪಾತ್ರೆಪುಡಿ ಹಾಕಿ ತಿಕ್ಕುತ್ತಾರೆ. ದಯವಿಟ್ಟು ತಿಕ್ಕಬೇಡಿ, ಆ ಅಕ್ಷರ ಕೂದಲೆಳೆಯಷ್ಟೇ ಆಳ, ಎರಡು ಸಲ ತಿಕ್ಕಿದರೆ ಸವೆಯುತ್ತದೆ. ಒಣಗಿದ ಮೆತ್ತನೆ ಬಟ್ಟೆಯಿಂದ ಧೂಳು ಒರೆಸಿ. ತೆಳು ಕಾಗದದ ಪಟ್ಟಿಯನ್ನು ಅಂಚಿಗೆ ಬಿಗಿಯಾಗಿ ಸುತ್ತಿ, ಪೆನ್ಸಿಲ್ ಮೊನೆಯನ್ನು ಮಲಗಿಸಿ ಹಗುರವಾಗಿ ಉಜ್ಜಿ. ಸುತ್ತ ಕಪ್ಪಾಗಿ, ಅಕ್ಷರವಷ್ಟೇ ಬೆಳ್ಳಗೆ ಮೂಡುತ್ತದೆ. ಸ್ವಾತಂತ್ರ್ಯಾನಂತರದ ಏಳಂಕಿಯ ಸಂಖ್ಯೆ 25ರಿಂದ ಶುರುವಾದರೆ ಸಾಮಾನ್ಯವಾಗಿ ಮದ್ರಾಸ್ ರೆಜಿಮೆಂಟ್, ದಾಖಲೆ ತಮಿಳುನಾಡಿನ ವೆಲಿಂಗ್ಟನ್‌ನಲ್ಲಿ. 27 ಇದ್ದರೆ ಮರಾಠಾ ಲೈಟ್ ಇನ್‌ಫೆಂಟ್ರಿ, ದಾಖಲೆ ಬೆಳಗಾವಿಯಲ್ಲಿ. ತೋಪಖಾನೆಯವರದು ನಾಸಿಕ್ ರೋಡ್, ಎಂಜಿನಿಯರ್ ಪಡೆಯಾದ ಮದ್ರಾಸ್ ಸ್ಯಾಪರ್ಸ್‌ದು ಬೆಂಗಳೂರು.

ಸಮಾಧಿ ಎಲ್ಲಿದೆ ಎಂದು ಬಹಳ ಜನ ಕೇಳುತ್ತಾರೆ. ನಮ್ಮಲ್ಲಿ ಲಿಂಗಾಯತರ ಮನೆಯಲ್ಲೂ ಮುಸ್ಲಿಮರ ಮನೆಯಲ್ಲೂ ಹೂಳುವ ಪದ್ಧತಿ. ಹೂವು ಇಡಲು ಒಂದು ಜಾಗ ಬೇಕು ಎಂಬುದು ಮನಸ್ಸಿನಲ್ಲಿ ಬೇರೂರಿದೆ. ಆದರೆ ಪಾರ್ಥಿವ ಶರೀರವನ್ನು ಊರಿಗೆ ಕಳಿಸುವುದು ರೂಢಿಯಾದದ್ದು 1999ರ ಕಾರ್ಗಿಲ್‌ನಿಂದೀಚೆಗೆ. 1962, 1965, 1971ರಲ್ಲಿ ಬಹುಪಾಲು ಅಂತ್ಯಕ್ರಿಯೆ ರಣಭೂಮಿಯ ಸಮೀಪ ಆಯಾ ಪಡೆಯವರ ಕೈಯಲ್ಲೇ ಆಯಿತು. ಆದ್ದರಿಂದಲೇ ತ್ಯಾಗ ಚಕ್ರದ ಆ ಒಂದು ಫಲಕ ಇಂಥ ಮನೆಗಳಿಗೆ ಅಷ್ಟು ದೊಡ್ಡದು, ಅದನ್ನು ನೋಡದೆ ಬರಬೇಡಿ ಎಂದು ಇಷ್ಟು ಹಟ ಹಿಡಿಯುವುದೂ ಆದ್ದರಿಂದಲೇ.

ಅಲ್ಲಿ ಹೇಗಿರಬೇಕು ಎಂಬುದನ್ನು ಹೆಚ್ಚು ಹೇಳಬೇಕಾಗಿಲ್ಲ. ಕುಂಕುಮ, ಎಣ್ಣೆ, ಊದಿನಕಡ್ಡಿ, ತೆಂಗಿನಕಾಯಿ ಬೇಡ. ಎಣ್ಣೆ ಕಲ್ಲಿನೊಳಗೆ ಇಳಿದರೆ ಕಲೆ ಹೋಗುವುದಿಲ್ಲ, ಪಕ್ಕದ ಫಲಕ ಇನ್ನೊಬ್ಬರ ಮಗನದು. ಫೋಟೊದಲ್ಲಿ ಅಕ್ಷರ ಮೂಡದಿದ್ದರೆ ಸುಣ್ಣ ಬಳಿಯದೆ, ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿಯಿರಿ. ಸಂಜೆ ಸೂರ್ಯಾಸ್ತದ ಹೊತ್ತಿಗೆ ನಡೆಯುವ ಸೈನಿಕ ವಿಧಿಯಾದ ರಿಟ್ರೀಟ್‌ನಲ್ಲಿ ಮಡಿದ ಯೋಧರ ಮನೆಯವರಿಂದ ಪುಷ್ಪಚಕ್ರ ಇಡಿಸುವ ಪದ್ಧತಿ ಇದೆ. ಆ ಅವಕಾಶ ಬಾಗಿಲಲ್ಲಿ ಹೋಗಿ ಕೇಳಿದರೆ ಸಿಗುವಂಥದ್ದಲ್ಲ. ಆಯಾ ಪಡೆಯ ದಾಖಲೆ ಇಡುವ ರೆಕಾರ್ಡ್ ಆಫೀಸ್ ಅಥವಾ ಸೈನಿಕ ಕಲ್ಯಾಣ ಇಲಾಖೆಯ ಕಚೇರಿಯ ಮೂಲಕ ತಿಂಗಳುಗಳ ಮೊದಲೇ ಬರೆದು ಕೇಳಿ. ವಯಸ್ಸಾದ ತಾಯಂದಿರನ್ನು ಡಿಸೆಂಬರ್, ಜನವರಿಯಲ್ಲಿ ಕರೆದೊಯ್ಯಬೇಡಿ. ನಮ್ಮ ಬಿಸಿಲಿನ ಮೈಗೆ ದಿಲ್ಲಿಯ ಆ ಚಳಿ ತಡೆಯುವುದಿಲ್ಲ.

ಇಷ್ಟೆಲ್ಲ ನೋಡಿಯೂ, ಕಾಗದದಲ್ಲಿ ಬ್ಯಾಟಲ್ ಕ್ಯಾಶುವಲ್ಟಿ ಎಂದಿದ್ದೂ ಹೆಸರು ಸಿಗದಿದ್ದರೆ ಆಗ ಅರ್ಜಿ ಹಾಕಿ. ಅರ್ಜಿ ಹೋಗಬೇಕಾದದ್ದು ಆಯಾ ರೆಜಿಮೆಂಟಿನ ರೆಕಾರ್ಡ್ ಆಫೀಸಿಗೆ. ಶಾಸಕರಿಗೆ ಮನವಿ ಕೊಟ್ಟರೂ ಕೊನೆಗೆ ಅದು ಅಲ್ಲಿಗೇ ಬಂದು ನಿಲ್ಲುತ್ತದೆ. ಪಿಪಿಒ ನಕಲು, ಆಗ ಬಂದ ತಂತಿ ಅಥವಾ ಪತ್ರದ ನಕಲು, ಪದಕದ ಅಂಚಿನ ಪೆನ್ಸಿಲ್ ಅಚ್ಚು, ಸಂಬಂಧ ತೋರಿಸುವ ದಾಖಲೆ ಜೊತೆಗಿಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ಸ್ವೀಕೃತಿ ಚೀಟಿ ಜೋಪಾನವಾಗಿಡಿ. ಮೂಲ ಪ್ರತಿಯನ್ನು ಯಾರ ಕೈಗೂ ಕೊಡಬೇಡಿ.