ಕೀಮೋ ಆಗುತ್ತಿರುವ ಮಗುವಿಗೆ ರಾತ್ರಿ ಜ್ವರ ಬಂದರೆ

"ರಾತ್ರಿ ಸಿರಪ್ ಹಾಕಿದ್ವಿ ಡಾಕ್ಟ್ರೇ, ಜ್ವರ ಇಳೀತು. ಬೆಳಗಾಗ್ಲಿ ಅಂತ ಇದ್ವಿ." ಶಿರಸಿಯ ನನ್ನ ಕ್ಲಿನಿಕ್ಕಿನಲ್ಲಿ ಈ ಮಾತು ಕೇಳಿದಾಗಲೆಲ್ಲ ಸಿಟ್ಟು ಬರುತ್ತದೆ. ಬೈಯಲು ಮನಸ್ಸಾಗುವುದಿಲ್ಲ, ಮಳೆಗಾಲದ ರಾತ್ರಿ, ಕರೆಂಟಿಲ್ಲದ ಊರಿಂದ ಕೂಸನ್ನು ಹೊತ್ತು ಹೊರಡುವ ಕಷ್ಟ ನನಗೂ ಗೊತ್ತು. ಆದರೂ ಹೊರಡಲೇಬೇಕು.

ಮಕ್ಕಳ ರಕ್ತದ ಕ್ಯಾನ್ಸರಿನಲ್ಲಿ ಹೆಚ್ಚಿನವು ಎಎಲ್‌ಎಲ್ ಎಂಬ ಬಗೆಯವು. ಎಎಂಎಲ್ ಎಂಬ ಇನ್ನೊಂದು ಬಗೆ ಅಪರೂಪ, ಅದರ ಕೀಮೋ ಇನ್ನೂ ಕಟು. ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳಾದ ನ್ಯೂಟ್ರೋಫಿಲ್ ಒಂದು ಮೈಕ್ರೋಲೀಟರ್ ರಕ್ತದಲ್ಲಿ 500ಕ್ಕಿಂತ ಕೆಳಗಿಳಿದು ವಾರಗಟ್ಟಲೆ ಮೇಲೇಳುವುದಿಲ್ಲ. ಕೀವು ಕಟ್ಟುವುದೇ ಈ ಕಣಗಳಿಂದ. ಅವೇ ಇಲ್ಲದ ಮೇಲೆ ಗಂಟಲೂ ಚೆನ್ನಾಗಿ ಕಾಣಬಹುದು, ಎಕ್ಸ್‌ರೇಯೂ ಚೆನ್ನಾಗಿರಬಹುದು. ನಾಯಿಯಿಲ್ಲದ ಮನೆಗೆ ಕಳ್ಳ ನುಗ್ಗಿದರೆ ಬೊಗಳುವವರ್ಯಾರು? ಎಷ್ಟೋ ಸಲ ಉಳಿಯುವ ಸುಳಿವು ಜ್ವರವೊಂದೇ. ಪ್ಯಾರಾಸಿಟಮಾಲ್ ಹಾಕಿ ಅದನ್ನೂ ಅಳಿಸಿಬಿಡುತ್ತೀರಿ. ಇಳಿದದ್ದು ಥರ್ಮಾಮೀಟರಿನ ಅಂಕಿ, ರಕ್ತದಲ್ಲಿರುವ ಬ್ಯಾಕ್ಟೀರಿಯಾ ಅಲ್ಲ. ಸಾದಾ ವೈರಲ್ ಜ್ವರವೂ ಇದ್ದೀತು, ರಕ್ತದಲ್ಲಿ ಬ್ಯಾಕ್ಟೀರಿಯಾ ಇದೆಯೇ ಎಂದು ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆಯಲ್ಲಿ ಏನೂ ಬೆಳೆಯದಿರಬಹುದು. ಆದರೆ ಅದನ್ನು ಮನೆಯಲ್ಲಿ ಕೂತು ತೀರ್ಮಾನಿಸಲಾಗದು.

ಬನವಾಸಿ ಕಡೆಯ ಹುಡುಗನೊಬ್ಬ ಹೀಗೇ ಬೆಳಿಗ್ಗೆ ಬಂದ. ಹಣೆ ಮುಟ್ಟಿದರೆ ಜ್ವರವಿಲ್ಲ, ಆಯಿಗೆ ಸಮಾಧಾನ. ಅಂಗಾಲು ಮಾತ್ರ ತಣ್ಣಗೆ. ಉಗುರು ಒತ್ತಿ ಬಿಟ್ಟರೆ ಬಣ್ಣ ಮರಳಲು ತಡ. ಬಿಪಿ ಕುಸಿಯುತ್ತಿತ್ತು. ಐಸಿಯುನಲ್ಲಿ ಹೆಣಗಾಡಿ ಹುಡುಗ ಉಳಿದುಕೊಂಡ. ಎಲ್ಲರಿಗೂ ಆ ಪುಣ್ಯ ಇರುವುದಿಲ್ಲ.

ಒಮ್ಮೆ 101 ಡಿಗ್ರಿ ತೋರಿಸಿದರೂ, 100.4 ಒಂದು ತಾಸು ನಿಂತರೂ ಹೊರಡಿ. ನಿಮ್ಮ ಕ್ಯಾನ್ಸರ್ ಆಸ್ಪತ್ರೆಯವರು ಬೇರೆ ಅಂಕಿ ಹೇಳಿದ್ದರೆ ಅದೇ ಪ್ರಮಾಣ. ಗುದದ್ವಾರಕ್ಕೆ ಇಡುವ ಗುಳಿಗೆಯಂತೂ ಕೂಡದು, ಅಲ್ಲಿ ಗೀರಾದರೆ ಸೋಂಕಿಗೆ ದಾರಿ. ಜ್ವರವಿಲ್ಲದೆಯೂ ಮಗು ಮಂಕಾದರೆ, ಚಳಿ ಹಿಡಿದು ನಡುಗಿದರೆ ಕಾಯಬೇಡಿ.

ಕ್ಯಾಶುವಾಲ್ಟಿಯಲ್ಲಿ ಚೀಟಿಯ ಸಾಲು ಹಿಡಿಯಬೇಡಿ. "ಕೀಮೋ ಆಗ್ತಿರೋ ಮಗು, ಜ್ವರ ಬಂದಿದೆ" ಎಂದು ಗಟ್ಟಿಯಾಗಿ ಹೇಳಿ. ಕುಮಟಾ ಕಡೆಯ ಅಜ್ಜಿಯೊಬ್ಬರು ಡ್ಯೂಟಿ ಡಾಕ್ಟರ ಕೈಗೆ ಫೈಲು ತುರುಕಿ, "ತಮಾ, ಮೊದ್ಲು ಇದನ್ನ ಓದು" ಅಂದಿದ್ದರಂತೆ. ಅಂಥ ಅಜ್ಜಿ ಮನೆಗೊಬ್ಬರು ಬೇಕು. ಬ್ಲಡ್ ಕಲ್ಚರಿಗೆ ರಕ್ತ ತೆಗೆದು, ಆಂಟಿಬಯೋಟಿಕ್ಕಿನ ಮೊದಲ ಡೋಸ್ ತಾಸಿನೊಳಗೆ ನರಕ್ಕೆ ಹೋಗಬೇಕು. ದೇವಿಮನೆ ಘಟ್ಟದಲ್ಲಿ ಗುಡ್ಡ ಕುಸಿದಿದೆಯೇ, ಹುಬ್ಬಳ್ಳಿಗೋ ಮಣಿಪಾಲಕ್ಕೋ ಎಂಬ ಚರ್ಚೆಯೆಲ್ಲ ಆಮೇಲೆ.