ಕುಫುಂಗಿಸಿಸ ಅಂದ್ರೇನು? "ಸಂಸ್ಕೃತಿ ಮತ್ತು ಮಾನಸಿಕ ಆರೋಗ್ಯ" ಯೂನಿಟ್‌ಗೆ ನನ್ನ ನೋಟ್ಸ್

ಈ ಯೂನಿಟ್‌ನಲ್ಲಿ ನಾವೆಲ್ಲ ಒಂದೇ ಥರ ಆನ್ಸರ್ ಬರೀತೀವಿ. ಬಡ ದೇಶಗಳಲ್ಲಿ ಮೂಢನಂಬಿಕೆ ಜಾಸ್ತಿ, ಜನ ಮಂತ್ರವಾದಿ ಹತ್ರ ಹೋಗ್ತಾರೆ, ಅದಕ್ಕೇ ಆಸ್ಪತ್ರೆಗೆ ಬರಲ್ಲ, ಅರಿವು ಮೂಡಿಸಬೇಕು, ಮುಗೀತು. ನಾನೂ ಇಂಟರ್ನಲ್ಸ್‌ನಲ್ಲಿ ಹಿಂಗೇ ಬರ್ದಿದ್ದೆ, ಮಾರ್ಕ್ಸೂ ಬಂತು. ಆದ್ರೆ ಜಿಂಬಾಬ್ವೆಯಲ್ಲಿ ಅಜ್ಜಿಯರು ಬೆಂಚ್ ಮೇಲೆ ಕೂತು ಡಿಪ್ರೆಶನ್‌ಗೆ ಕೌನ್ಸೆಲಿಂಗ್ ಮಾಡಿದ ಕೇಸ್ ಸರಿಯಾಗಿ ಓದಿದ್ಮೇಲೆ ನನ್ ಆನ್ಸರ್ ನಂಗೇ ಸಪ್ಪೆ ಅನ್ನಿಸ್ತು. ಹಾಗಾಗಿ ಈ ನೋಟ್ಸ್ ಪೂರ್ತಿ ಹೆಚ್ಚುಕಮ್ಮಿ ಆ ಒಂದು ಕೇಸ್ ಮೇಲೇ ಇದೆ, ಹತ್ತು ದೇಶದ್ದು ಎರಡೆರಡು ಲೈನ್ ಬರೆಯೋದಕ್ಕಿಂತ ಒಂದನ್ನ ನೆಟ್ಟಗೆ ತಿಳ್ಕೊಳ್ಳೋದು ವಾಸಿ.

ಮೊದ್ಲು ಪದ. ಜಿಂಬಾಬ್ವೆಯಲ್ಲಿ ಜಾಸ್ತಿ ಜನ ಮಾತಾಡೋದು ಶೋನಾ ಭಾಷೆ. ಅದರಲ್ಲಿ "ಕುಫುಂಗಿಸಿಸ" ಅಂದ್ರೆ ಅತಿಯಾಗಿ ಯೋಚ್ನೆ ಮಾಡೋದು. ನಮ್ಮಲ್ಲಿ ಅಜ್ಜಿ "ಯೋಚ್ನೆ ಮಾಡಿ ಮಾಡಿ ಹಿಂಗಾಗ್ಬಿಟ್ಟಿದಾನೆ ನೋಡು" ಅಂತಾರಲ್ಲ, ಹುಬ್ಬಳ್ಳಿ ಕಡೆ "ಭಾಳ ವಿಚಾರ ಮಾಡ್ತಾನ" ಅಂತಾರೆ, ಮಂಗ್ಳೂರ್ ಕಡೆಯವ್ರು "ಮಂಡೆಬಿಸಿ" ಅಂತಾರೆ, ಸುಮಾರು ಅದೇ. ಆದ್ರೆ ಒಂದು ವ್ಯತ್ಯಾಸ ಇದೆ, ಕುಫುಂಗಿಸಿಸ ಅನ್ನೋದು ಬರೀ ತೊಂದ್ರೆಯ ಹೆಸರಲ್ಲ, ತೊಂದ್ರೆ ಯಾಕೆ ಬಂತು ಅನ್ನೋ ಕಾರಣವೂ ಅದೇ. ಯೋಚ್ನೆ ಹತ್ತಿದ್ರಿಂದ ನಿದ್ದೆ ಹೋಯ್ತು, ತಲೆನೋವು ಬಂತು, ಎದೆ ಹೊಡ್ಕೊಳ್ತು ಅಂತ ಜನ ಹೇಳ್ತಾರೆ. 2013ರ ಡಿಎಸ್‌ಎಂ-5ರ (ಅಮೆರಿಕದ ಮನೋವೈದ್ಯರ ಸಂಘದ ಡಯಾಗ್ನೋಸಿಸ್ ಕೈಪಿಡಿ) ಕೊನೇಲಿ ಇರೋ ಸಾಂಸ್ಕೃತಿಕ ಪದಗಳ ಪಟ್ಟಿಯಲ್ಲೂ ಇದು ಇದೆ, ನಮ್ಮ ಕಡೆಯ "ಧಾತ್ ಸಿಂಡ್ರೋಮ್" (ವೀರ್ಯ ಹೋಗಿ ಶಕ್ತಿ ಕುಂದ್ತಿದೆ ಅನ್ನೋ ಆತಂಕ) ಜೊತೆಗೇ.

ಈ ಪದದಿಂದ ಏನ್ ಉಪಯೋಗ ಅಂದ್ರೆ: ಮನೋವೈದ್ಯ ವಿಕ್ರಮ್ ಪಟೇಲ್ (ನಮ್ಮವರೇ, ಆಮೇಲೆ ಗೋವಾದಲ್ಲಿ ಮಾನಸಿಕ ಆರೋಗ್ಯಕ್ಕೆ ಕೆಲ್ಸ ಮಾಡೋ ಸಂಗಾತ್ ಸಂಸ್ಥೆ ಕಟ್ಟಿದವರಲ್ಲಿ ಒಬ್ರು) 1990ರ ದಶಕದಲ್ಲಿ ಹರಾರೆಯಲ್ಲಿ ಕೆಲ್ಸ ಮಾಡೋವಾಗ, ಹೊರಗಡೆಯ ಪ್ರಶ್ನಾವಳಿನ ಹಂಗೇ ಅನುವಾದ ಮಾಡಿ ಕೇಳೋ ಬದ್ಲು, ಜನ ತಮ್ಮ ಕಷ್ಟನ ಯಾವ ಮಾತಲ್ಲಿ ಹೇಳ್ತಾರೋ ಅದರಿಂದಲೇ 14 ಪ್ರಶ್ನೆ ಮಾಡಿದ್ರು. ಕಳೆದ ಒಂದು ವಾರದಲ್ಲಿ ತುಂಬಾ ಯೋಚ್ನೆ ಹತ್ತಿತ್ತಾ, ಹೊಟ್ಟೆನೋವಿತ್ತಾ, ಕೆಟ್ಟ ಕನಸು ಬಿತ್ತಾ, ಈ ಥರ. ಹೌದು ಅಥವಾ ಇಲ್ಲ, ಅಷ್ಟೇ ಉತ್ತರ. ಇದೇ ಶೋನಾ ಸಿಂಪ್ಟಮ್ ಕ್ವೆಶ್ಚನೇರ್. ಇದರಲ್ಲಿ ಡಿಪ್ರೆಶನ್ ಅನ್ನೋ ಪದ ಬರೋದೇ ಇಲ್ಲ, ಆದ್ರೂ ಡಿಪ್ರೆಶನ್ ಮತ್ತು ಆತಂಕ ಇರೋರನ್ನ ಹಿಡಿಯುತ್ತೆ.

ಇಲ್ಲಿ ಕ್ಲೈನ್‌ಮನ್ ಅವ್ರದ್ದೂ ಒಂದು ಮಾತು ಸೇರಿಸ್ಕೊಳ್ಳಿ. ಆರ್ಥರ್ ಕ್ಲೈನ್‌ಮನ್ (ಅಮೆರಿಕದ ಮನೋವೈದ್ಯ, ಮಾನವಶಾಸ್ತ್ರಜ್ಞ ಕೂಡ) ಚೀನಾದ ಹುನಾನ್‌ನಲ್ಲಿ "ನರದೌರ್ಬಲ್ಯ" ಅಂತ ಡಯಾಗ್ನೋಸಿಸ್ ಆಗಿದ್ದ 100 ಜನರನ್ನ ನೋಡಿದ್ರು, ಅಮೆರಿಕದ ಮಾನದಂಡದಲ್ಲಿ 87 ಜನಕ್ಕೆ ಡಿಪ್ರೆಶನ್ ಇತ್ತು, 1982ರಲ್ಲಿ ಪ್ರಕಟ ಆಯ್ತು. ಆದ್ರೆ ಅವ್ರು ಹೇಳ್ಕೊಂಡಿದ್ದು ತಲೆನೋವು, ಸುಸ್ತು, ನಿದ್ದೆ ಇಲ್ಲ ಅಂತ. ಕಲ್ಚರಲ್ ರೆವಲ್ಯೂಷನ್ (ಮಾವೋ ಕಾಲದ ರಾಜಕೀಯ ದಬ್ಬಾಳಿಕೆ) ಮುಗಿದು ಹೆಚ್ಚು ವರ್ಷ ಆಗಿರ್ಲಿಲ್ಲ, ಮನಸ್ಸು ಸರಿ ಇಲ್ಲ ಅಂದ್ರೆ ರಾಜಕೀಯವಾಗಿ ಸರಿ ಇಲ್ಲ ಅಂತ ಅರ್ಥ ಬರೋ ಕಾಲದಿಂದ ಆಗಷ್ಟೇ ಆಚೆ ಬಂದಿದ್ರು, ನರ ವೀಕು ಅನ್ನೋದು ಸೇಫು. (ನಮ್ಮಲ್ಲಿ ಬಸ್‌ಸ್ಟ್ಯಾಂಡ್ ಗೋಡೆ ಮೇಲಿನ ನರದೌರ್ಬಲ್ಯ ಪೋಸ್ಟರ್ ಬೇರೆ ಕಥೆ, ಅದನ್ನ ಎಕ್ಸಾಮಲ್ಲಿ ಬರೀಬೇಡಿ.) ಒಂದು ಸಂಸ್ಕೃತಿಯಲ್ಲಿ ಮಾಡಿದ ಕಾಯಿಲೆ ಚೌಕಟ್ಟನ್ನ ಇನ್ನೊಂದರ ಮೇಲೆ ಹಂಗೇ ಇಟ್ಟು, ಹೊಂದಿಕೊಳ್ತು ಅಂತ ಹೇಳೋ ತಪ್ಪಿಗೆ ಕ್ಲೈನ್‌ಮನ್ "ಕ್ಯಾಟಗರಿ ಫ್ಯಾಲಸಿ" ಅಂತ ಹೆಸರಿಟ್ರು. ಎರಡು ಮಾರ್ಕ್‌ಗೆ ಬರುತ್ತೆ.

ಈಗ ಮುಖ್ಯ ಕಥೆ. 2005ರ ಮೇ ತಿಂಗಳಲ್ಲಿ ಜಿಂಬಾಬ್ವೆ ಸರ್ಕಾರ "ಮುರಂಬತ್ಸ್ವಿನ" ಅಂತ ಕಾರ್ಯಾಚರಣೆ ಶುರು ಮಾಡ್ತು, ಕಸ ಗುಡಿಸಿ ಆಚೆ ಹಾಕೋದು ಅಂತ ಅರ್ಥ. ಕಸ ಅಂದಿದ್ದು ಬಡವರ ಮನೆ, ಸಂತೆ ಅಂಗಡಿಗಳಿಗೆ. ಸುಮಾರು 7 ಲಕ್ಷ ಜನ ಮನೆ, ದುಡಿಮೆ, ಇಲ್ಲಾ ಎರಡನ್ನೂ ಕಳ್ಕೊಂಡ್ರು ಅಂತ ವಿಶ್ವಸಂಸ್ಥೆಯ ವರದಿ ಹೇಳ್ತು. ಅದರ ಮೇಲೆ ಎಚ್‌ಐವಿ, ಅದರ ಮೇಲೆ ಬೆಲೆ ಏರಿಕೆ. ಇಡೀ ದೇಶಕ್ಕೆ ಇದ್ದ ಮನೋವೈದ್ಯರು ಹನ್ನೆರಡು ಹದಿಮೂರು ಜನ. ಅವರಲ್ಲಿ ಒಬ್ರು ಡಿಕ್ಸನ್ ಚಿಬಾಂಡಾ. ಅವ್ರ ಹತ್ರ ಚಿಕಿತ್ಸೆಗೆ ಬರ್ತಿದ್ದ ಒಬ್ಬ ಯುವತಿ ಮತ್ತೆ ಬರ್ಬೇಕಾಗಿದ್ದ ದಿನ ಬರ್ಲಿಲ್ಲ, ಆಮೇಲೆ ಆತ್ಮಹತ್ಯೆ ಮಾಡ್ಕೊಂಡ್ಳು. ಯಾಕೆ ಕರ್ಕೊಂಡು ಬರ್ಲಿಲ್ಲ ಅಂತ ತಾಯಿನ ಕೇಳಿದ್ರೆ, ಬಸ್ ಚಾರ್ಜ್‌ಗೆ ಬೇಕಾದ 15 ಡಾಲರ್ ಇರ್ಲಿಲ್ಲ ಅಂದ್ರು. ಇದನ್ನ ಚಿಬಾಂಡಾ ಅವ್ರೇ ಎಷ್ಟೋ ವೇದಿಕೆಗಳಲ್ಲಿ ಹೇಳಿದಾರೆ.

ಇಲ್ಲಿ ಸ್ವಲ್ಪ ನಿಂತ್ಕೊಳ್ಳಿ. ಆ ತಾಯಿ ಮಂತ್ರವಾದಿ ನಂಬಿ ಆಸ್ಪತ್ರೆ ಬಿಟ್ಟಿದ್ದಲ್ಲ. ದುಡ್ಡಿರ್ಲಿಲ್ಲ. ನಾವು ಎಷ್ಟು ಸಲೀಸಾಗಿ ಬಡತನನ ಸಂಸ್ಕೃತಿ ಲೆಕ್ಕಕ್ಕೆ ಬರ್ದುಬಿಡ್ತೀವಿ ಅಲ್ವಾ, "ಸೇವೆಯನ್ನು ಬಳಸಿಕೊಳ್ಳುವುದಿಲ್ಲ" ಅಂತ ಒಂದು ಪಾಯಿಂಟ್ ಹಾಕಿ. ನನ್ ಪ್ರಕಾರ ಈ ಯೂನಿಟ್‌ನ ಯಾವ್ದೇ ಪ್ರಶ್ನೆಗೆ ಬರೆಯೋಕೆ ಮುಂಚೆ ಇದು ನಂಬಿಕೆ ಮಾತಾ, ಬಸ್ ಚಾರ್ಜ್ ಮಾತಾ ಅಂತ ಕೇಳ್ಕೋಬೇಕು. ಎಷ್ಟೋ ಸಲ ಎರಡೂ ಇರುತ್ತೆ, ಆದ್ರೂ ಬೇರೆ ಬೇರೆ ಬರೀಬೇಕು.

2006ರಲ್ಲಿ ಹರಾರೆಯ ಎಂಬಾರೆ ಅನ್ನೋ ಕಿಕ್ಕಿರಿದ ಹಳೇ ಬಡಾವಣೆಯಲ್ಲಿ ಚಿಬಾಂಡಾ ಕೆಲ್ಸ ಶುರು ಮಾಡಿದ್ರು. ನರ್ಸ್‌ಗಳಿಗೆ ಪುರುಸೊತ್ತಿಲ್ಲ, ಕ್ಲಿನಿಕ್ ಒಳಗೆ ರೂಮಿಲ್ಲ, ಬಜೆಟ್ಟಿಲ್ಲ. ಸಿಕ್ಕಿದ್ದು 14 ಜನ ಅಜ್ಜಿಯರು, ಆಗ್ಲೇ ಕ್ಲಿನಿಕ್ ಪರವಾಗಿ ಮನೆಮನೆ ಸುತ್ತೋ ಆರೋಗ್ಯ ಕಾರ್ಯಕರ್ತೆಯರು, ನಮ್ಮ ಆಶಾ ಕಾರ್ಯಕರ್ತೆಯರ ಥರ ಅಂದ್ಕೊಳ್ಳಿ, ಆದ್ರೆ ವಯಸ್ಸಾದವ್ರು. ರೂಮಿಲ್ಲ ಅಂದ್ಮೇಲೆ ಕ್ಲಿನಿಕ್ ಅಂಗಳದಲ್ಲೇ ಒಂದು ಮರದ ಬೆಂಚು ಹಾಕಿದ್ರು. ಮೊದ್ಲು ಇಟ್ಟ ಹೆಸರು "ಮೆಂಟಲ್ ಹೆಲ್ತ್ ಬೆಂಚ್". ಯಾರೂ ಬಂದು ಕೂರ್ಲಿಲ್ಲ. ಯಾರ್ ಕೂರ್ತಾರೆ ಹೇಳಿ, ನಮ್ಮೂರ್ ಪಿಎಚ್‌ಸಿ ಮುಂದೆ ಹಂಗೆ ಬೋರ್ಡ್ ಹಾಕಿ ಬೆಂಚ್ ಇಟ್ರೆ ನಾವ್ ಕೂರ್ತೀವಾ? ಅಜ್ಜಿಯರು ಹೇಳಿದ್ಮೇಲೆ ಅದು "ಫ್ರೆಂಡ್‌ಶಿಪ್ ಬೆಂಚ್" ಆಯ್ತು.

ಅಜ್ಜಿಯರು ಬದಲಾಯಿಸಿದ್ದು ಹೆಸರು ಮಾತ್ರ ಅಲ್ಲ. ಬೆಂಚ್ ಮೇಲೆ ಮಾಡೋದು ಪ್ರಾಬ್ಲಮ್ ಸಾಲ್ವಿಂಗ್ ಥೆರಪಿ, ಪುಸ್ತಕದಲ್ಲಿ ಅದಕ್ಕೆ ಹಂತಗಳಿವೆ, ಆದ್ರೆ ಆ ಹಂತಗಳಿಗೆ ಬಂದಿದ್ದು ಶೋನಾ ಹೆಸರು. "ಕುವುರ ಫುಂಗ್ವ" ಅಂದ್ರೆ ಮನಸ್ಸು ಬಿಚ್ಚೋದು, ಬಂದವ್ರು ಎಲ್ಲಾ ಕಷ್ಟ ಹೇಳ್ಕೊಂಡು ಅದರಲ್ಲಿ ಒಂದನ್ನ ಆರಿಸ್ಕೊಳ್ತಾರೆ. "ಕುಸಿಮುದ್ಜಿರ" ಮೇಲೆತ್ತೋದು, ಆ ಒಂದಕ್ಕೆ ಏನ್ ಮಾಡ್ಬೋದು ಅಂತ ಅವ್ರ ಬಾಯಲ್ಲೇ ಬರೋ ಹಾಗೆ ಮಾಡಿ ಧೈರ್ಯ ತುಂಬೋದು. "ಕುಸಿಂಬಿಸ" ಗಟ್ಟಿ ಮಾಡೋದು. ಒಟ್ಟು ಆರು ಸಲ ಕೂರ್ತಾರೆ. ಆಮೇಲೆ ಗುಂಪಿಗೂ ಸೇರ್ಬೋದು, ಅದರ ಹೆಸರು ಎಲ್ಲಾ ಕೈ ಹಿಡ್ಕೊಳ್ಳೋಣ ಅನ್ನೋ ಅರ್ಥ ಕೊಡುತ್ತೆ, ಅಲ್ಲಿ ಮಾತಾಡ್ತಾ ಮಾತಾಡ್ತಾ ಹಳೇ ಪ್ಲಾಸ್ಟಿಕ್‌ನಿಂದ ಬ್ಯಾಗ್ ಹೆಣೀತಾರೆ, ಮಾರಿದ್ರೆ ನಾಲ್ಕು ಕಾಸು.

ಅಜ್ಜಿಯರೇ ಯಾಕೆ ವರ್ಕ್ ಆದ್ರು? ಶೋನಾ ಮನೆಗಳಲ್ಲಿ ಗಂಡ ಹೆಂಡ್ತಿ ಜಗಳ, ಮದ್ವೆ ವಿಷ್ಯ ಹೇಳ್ಕೊಳ್ಳೋಕೆ ಅಪ್ಪನ ಅಕ್ಕ ತಂಗಿ, "ತೆತೆ" ಅಂತಾರೆ, ಸೋದರತ್ತೆ, ಮತ್ತೆ ಅಜ್ಜಿ, ಇವ್ರ ಹತ್ರ ಹೋಗೋದು ಮೊದ್ಲಿಂದಲೂ ರೂಢಿ. ಅಂದ್ರೆ ಕೌನ್ಸೆಲರ್ ಅನ್ನೋ ಕುರ್ಚಿ ಅಲ್ಲಿ ಆಗ್ಲೇ ಇತ್ತು, ಹೊಸದಾಗಿ ಮಾಡ್ಬೇಕಾಗಿರ್ಲಿಲ್ಲ. ಹಂಗಂತ ಬರೀ ವಾತ್ಸಲ್ಯದಿಂದ ಆಯ್ತು ಅಂತ ಬರೀಬೇಡಿ, ಅವ್ರಿಗೆ ತರಬೇತಿ ಇತ್ತು, ಮೇಲ್ವಿಚಾರಣೆ ಇತ್ತು, ಆತ್ಮಹತ್ಯೆ ಯೋಚ್ನೆ ಇರೋರನ್ನ ಮೇಲಿನವ್ರಿಗೆ ಕಳಿಸೋ ವ್ಯವಸ್ಥೆ ಇತ್ತು.

ಎಕ್ಸಾಮ್‌ಗೆ ಬೇಕಾಗೋ ನಂಬರ್: 2016ರಲ್ಲಿ ಜಾಮಾ ಅನ್ನೋ ಅಮೆರಿಕದ ವೈದ್ಯಕೀಯ ಜರ್ನಲ್‌ನಲ್ಲಿ ಬಂದ ಟ್ರಯಲ್. ಹರಾರೆಯ 24 ಕ್ಲಿನಿಕ್, 573 ಜನ, ಹೆಚ್ಚಿನವ್ರು ಹೆಂಗಸರು. ಆರು ತಿಂಗಳ ನಂತ್ರ ನೋಡಿದಾಗ ಬೆಂಚ್ ಗುಂಪಿನಲ್ಲಿ ಡಿಪ್ರೆಶನ್ ಲಕ್ಷಣ ಉಳಿದಿದ್ದು 13.7% ಜನಕ್ಕೆ, ಮಾಮೂಲಿ ಕ್ಲಿನಿಕ್ ಆರೈಕೆ ಜೊತೆ ಸ್ವಲ್ಪ ಮಾಹಿತಿ, ಬೆಂಬಲ ಪಡೆದವ್ರಲ್ಲಿ 49.9%. ಈ ಎರಡು ನಂಬರ್ ಜೊತೆಗೇ ಬರೀರಿ, ಒಂದೇ ಬರೆದ್ರೆ ಅರ್ಥ ಇಲ್ಲ.

ಆದ್ರೆ ಬೆಂಚಿಗೆ ಮಿತಿ ಇದೆ. ಇದು ಸಾಮಾನ್ಯ ಡಿಪ್ರೆಶನ್, ಆತಂಕಕ್ಕೆ. ಸೈಕೋಸಿಸ್ (ಇಲ್ಲದ್ದು ಕಾಣೋದು, ಕೇಳೋದು, ವಾಸ್ತವದ ಹಿಡಿತ ತಪ್ಪೋದು) ಥರದ ಕಾಯಿಲೆಗೆ ಅಲ್ಲ. ಅಲ್ಲಿಗೆ ಬಂದಾಗ ಸಂಸ್ಕೃತಿಯ ಪ್ರಶ್ನೆ ಇನ್ನೂ ಕಷ್ಟ ಆಗುತ್ತೆ, ಅದಕ್ಕೆ ನಮ್ಮ ಪಕ್ಕದ ತಮಿಳುನಾಡಿನ ಎರಡು ಜಾಗನ ನಾನು ಯಾವಾಗ್ಲೂ ಜೋಡಿಯಾಗಿ ನೆನಪಿಟ್ಕೊಳ್ತೀನಿ.

ಒಂದು ಏರ್ವಾಡಿ. 2001ರ ಆಗಸ್ಟ್ 6, ದರ್ಗಾ ಹತ್ರ ಮಾನಸಿಕ ರೋಗಿಗಳನ್ನ ಇಡೋಕೆ ಖಾಸಗಿಯವ್ರು ನಡೆಸ್ತಿದ್ದ ಶೆಡ್‌ಗೆ ಬೆಂಕಿ ಬಿತ್ತು, ಸರಪಳಿ ಹಾಕಿ ಕಟ್ಟಿದ್ರಿಂದ ಓಡೋಕಾಗ್ದೆ 28 ಜನ ಸತ್ರು. ಇನ್ನೊಂದು ಮುತ್ತುಸ್ವಾಮಿ ದೇವಸ್ಥಾನ, ಅಲ್ಲಿಗೂ ಜನ ಮಾನಸಿಕ ಕಾಯಿಲೆ ವಾಸಿ ಆಗುತ್ತೆ ಅಂತಲೇ ಬರ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಆರ್. ರಘುರಾಮ್ ಮತ್ತವ್ರ ತಂಡ ಅಲ್ಲಿ ಉಳ್ಕೊಂಡಿದ್ದ 31 ಜನರನ್ನ ಬಂದಾಗ ಒಂದ್ಸಲ, ಹೊರಡೋವಾಗ ಒಂದ್ಸಲ ಅಳತೆ ಮಾಡಿ 2002ರಲ್ಲಿ ಬಿಎಂಜೆ ಅನ್ನೋ ಬ್ರಿಟನ್ನಿನ ವೈದ್ಯಕೀಯ ಜರ್ನಲ್‌ನಲ್ಲಿ ಬರೆದ್ರು: ಲಕ್ಷಣಗಳ ಸ್ಕೋರ್ ಸುಮಾರು 20% ಇಳಿದಿತ್ತು. ಮಾತ್ರೆ ಇಲ್ಲ, ಮಂತ್ರ ಯಂತ್ರ ಅಂತ ವಿಶೇಷವಾಗಿ ಏನೂ ಮಾಡ್ತಿರ್ಲಿಲ್ಲ. ಜೊತೆಗೆ ಮನೆಯವ್ರು ಒಬ್ರು ಇರ್ತಿದ್ರು, ಉಳ್ಕೊಳ್ಳೋಕೆ ದುಡ್ಡಿಲ್ಲ, ಬೆಳಿಗ್ಗೆ ಪೂಜೆ, ಆಮೇಲೆ ಅಂಗಳ ಗುಡಿಸೋದು, ಗಿಡಕ್ಕೆ ನೀರು ಹಾಕೋದು ಅಂತ ಚೂರುಪಾರು ಕೆಲ್ಸ, ಯಾರೂ ಹುಚ್ಚ ಅಂತ ಕರೆಯಲ್ಲ.

ಹೋಲಿಕೆ ಗುಂಪು ಇಲ್ದಿರೋ ಸಣ್ಣ ಸ್ಟಡಿ ಇದು, ಅದನ್ನೂ ಬರೀಬೇಕು, ದೇವಸ್ಥಾನದಿಂದ ಸ್ಕಿಜೋಫ್ರೇನಿಯಾ ವಾಸಿ ಅಂತ ಬರೆದ್ರೆ ಮಾರ್ಕ್ಸ್ ಹೋಗುತ್ತೆ, ಹೋಗ್ಬೇಕು ಕೂಡ. ನಂಗೆ ಮುಖ್ಯ ಅನ್ಸೋದು ಬೇರೆ. ಎರಡೂ ನಂಬಿಕೆಯ ಜಾಗಗಳೇ, ಆದ್ರೆ ಒಂದು ಕಡೆ ಮನೆಯವ್ರು ರೋಗಿ ಪಕ್ಕ ಮಲಗ್ತಿದ್ರು, ಇನ್ನೊಂದು ಕಡೆ ಶೆಡ್ ನಡೆಸೋರ ಕೈಗೆ ಬಿಟ್ಟು ಹೋಗ್ತಿದ್ರು. "ಸಾಂಪ್ರದಾಯಿಕ ಚಿಕಿತ್ಸೆ" ಅಂತ ಒಂದೇ ಹೆಡಿಂಗ್ ಕೆಳಗೆ ಎರಡನ್ನೂ ಹಾಕಿದ್ರೆ ಈ ವ್ಯತ್ಯಾಸ ಕಾಣೋದೇ ಇಲ್ಲ. ಸರಪಳಿ ಹಾಕೋದನ್ನ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಪೂರ್ತಿ ನಿಷೇಧಿಸಿದೆ, ಆ ಲೈನ್ ಇಲ್ಲಿ ಸೇರಿಸ್ಕೊಳ್ಳಿ.

ಫೀಲ್ಡ್‌ವರ್ಕ್‌ಗೆ ಹೋಗೋರಿಗೆ ಒಂದು ಮಾತು. ರೋಗಿ ತನ್ನ ಕಾಯಿಲೆನ ಹೇಗೆ ಅರ್ಥ ಮಾಡ್ಕೊಂಡಿದಾರೆ ಅಂತ ತಿಳ್ಕೊಳ್ಳೋಕೆ ಕ್ಲೈನ್‌ಮನ್ ಪ್ರಶ್ನೆಗಳು ಅಂತ ಎಂಟಿವೆ, ಬಾಯಿಪಾಠ ಮಾಡಿ ಸಾಲಾಗಿ ಕೇಳಿದ್ರೆ ಜನಗಣತಿಯವ್ರು ಬಂದಂಗೆ ಇರುತ್ತೆ. ನಾನು ಈಗ ಮೂರೇ ಕೇಳ್ತೀನಿ: ಇದಕ್ಕೆ ನಿಮ್ ಮನೇಲಿ ಏನಂತ ಕರೀತೀರಾ, ಯಾಕ್ ಬಂತು ಅನ್ಸುತ್ತೆ, ಇಲ್ಲಿಗೆ ಬರೋಕೆ ಮುಂಚೆ ಎಲ್ಲೆಲ್ಲಿ ತೋರಿಸಿದ್ರಿ. ಮೂರನೇದನ್ನ ಬೈಯೋ ದನಿಯಲ್ಲಿ ಕೇಳ್ಬಾರ್ದು. ಹೋದ ತಿಂಗಳು ಒಬ್ರು ಅಮ್ಮ ಮೊದ್ಲು "ಎಲ್ಲೂ ಇಲ್ಲ" ಅಂದ್ರು, ನಾನು ಪೆನ್ ಕೆಳಗಿಟ್ಟು "ನಮ್ಮಜ್ಜೀನೂ ತಾಯ್ತ ಕಟ್ಟಿಸ್ತಿದ್ರಮ್ಮ" ಅಂದ್ಮೇಲೆ ಸೆರಗಿನ ಗಂಟು ಬಿಚ್ಚಿ ಮೂರು ಊರಿನ ಚೀಟಿ ತೆಗೆದ್ರು, ಅದರ ಮಧ್ಯೆ ಒಂದು ಮೆಡಿಕಲ್ ಶಾಪ್ ಬಿಲ್ಲೂ ಇತ್ತು.