ಪ್ಲ್ಯಾನು ಹೋಗಿ ಫೋಟೊ ಉಳಿದ ಕಥೆ

ಬಾಡಿಗೆ ಮನೆಯಲ್ಲಿ ಇರುವವರೂ ಮನೆ ವಿನ್ಯಾಸದ ಪತ್ರಿಕೆ ಕೊಳ್ಳುತ್ತಾರೆ. ಕೊಂಡು, ಬರೀ ದುಡ್ಡಿದ್ದವರ ಬಂಗಲೆ ತೋರಿಸ್ತಾರೆ ಅಂತ ಬೈಯುತ್ತಾರೆ. ಆರ್ಕಿಟೆಕ್ಟ್‌ಗಳು ಬೈಯುವುದು ಬೇರೆ ಕಾರಣಕ್ಕೆ: ವಿಷಯವನ್ನು ತೀರಾ ತೆಳು ಮಾಡಿದರು ಅಂತ. ಈ ಜಗಳದ ಬೇರು ಅಮೆರಿಕದಲ್ಲಿದೆ.

1901ರಲ್ಲಿ 'ಲೇಡೀಸ್ ಹೋಮ್ ಜರ್ನಲ್' ಎಂಬ ಮಹಿಳಾ ಪತ್ರಿಕೆ ಆರ್ಕಿಟೆಕ್ಟ್ ಫ್ರಾಂಕ್ ಲಾಯ್ಡ್ ರೈಟ್ ವಿನ್ಯಾಸ ಮಾಡಿದ ಮನೆಯೊಂದನ್ನು ಪ್ರಕಟಿಸಿತು. ಆ ಪತ್ರಿಕೆಯಲ್ಲಿ ಬರುತ್ತಿದ್ದ ಇಂಥ ಮನೆಗಳ ಪೂರ್ತಿ ಪ್ಲ್ಯಾನು 5 ಡಾಲರಿಗೆ ಸಿಗುತ್ತಿತ್ತು. ಓದುಗರನ್ನು ಸೆಳೆದದ್ದೇ ಇದು: ನೋಡಿ ಸುಮ್ಮನಾಗಬೇಕಿಲ್ಲ, ಬೇಕಿದ್ದರೆ ಕಟ್ಟಿಸಬಹುದು.

ಆಮೇಲೆ ಎರಡು ಮಹಾಯುದ್ಧ, ಒಂದು ಆರ್ಥಿಕ ಕುಸಿತ. 1945ರ ಜನವರಿಯಲ್ಲಿ ಲಾಸ್ ಏಂಜಲೀಸ್‌ನ 'ಆರ್ಟ್ಸ್ ಅಂಡ್ ಆರ್ಕಿಟೆಕ್ಚರ್' ಪತ್ರಿಕೆಯ ಸಂಪಾದಕ ಜಾನ್ ಎಂಟೆನ್ಜಾ 'ಕೇಸ್ ಸ್ಟಡಿ ಹೌಸ್' ಯೋಜನೆ ಘೋಷಿಸಿದರು. ಯುದ್ಧ ಮುಗಿಸಿ ಬರುವ ಸೈನಿಕರಿಗೆ ಮನೆ ಬೇಕಿತ್ತು, ಅಗ್ಗವಾಗಿ ಬೇಕಿತ್ತು. ಪತ್ರಿಕೆ ಬರೀ ವರದಿ ಮಾಡಲಿಲ್ಲ. ತಾನೇ ಮುಂದೆ ನಿಂತು ಒಳ್ಳೊಳ್ಳೆ ಆರ್ಕಿಟೆಕ್ಟ್‌ಗಳಿಂದ ಮಾದರಿ ಮನೆ ಮಾಡಿಸಿ, ಯಾವ ಸಾಮಾನು ಬಳಸಿದರು, ಯಾಕೆ ಬಳಸಿದರು ಅಂತ ಬಿಡಿಸಿ ಹೇಳಿ, ಕಟ್ಟಿದ ಮನೆಗಳನ್ನು ಜನರ ನೋಟಕ್ಕೂ ತೆರೆಯಿತು. ಮೊದಲ ಆರು ಮನೆಗಳನ್ನು ನೋಡಲು ಬಂದವರೇ ಮೂರೂವರೆ ಲಕ್ಷ ಅಂತ ಲೆಕ್ಕ. 1949ರಲ್ಲಿ ಮುಗಿದ 8ನೇ ಮನೆಯನ್ನು ವಿನ್ಯಾಸಕರಾದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿ ತಮಗಾಗಿಯೇ ಕಟ್ಟಿಕೊಂಡರು, ಅದೂ ಕಾರ್ಖಾನೆಯಲ್ಲಿ ರೆಡಿ ಸಿಗುವ ಉಕ್ಕು, ಗಾಜು ಜೋಡಿಸಿ. (ಇದೇ ದಂಪತಿ 1958ರಲ್ಲಿ ಭಾರತ ಸರ್ಕಾರಕ್ಕೆ ಕೊಟ್ಟ ವರದಿಯಿಂದಲೇ ವಿನ್ಯಾಸ ಕಲಿಸುವ ಅಹಮದಾಬಾದಿನ ಸಂಸ್ಥೆ ಎನ್‌ಐಡಿ ಹುಟ್ಟಿದ್ದು.)

ಆದರೆ ಅಗ್ಗದ ಮನೆಗಳು ಸಾಲುಸಾಲಾಗಿ ಏಳಲೇ ಇಲ್ಲ. ಉಳಿದದ್ದು ಫೋಟೊಗಳು. ಅದರಲ್ಲೂ 1960ರಲ್ಲಿ ಜೂಲಿಯಸ್ ಶುಲ್ಮನ್ ತೆಗೆದ, ಇದೇ ಯೋಜನೆಯ 22ನೇ ಮನೆಯ ಫೋಟೊ: ಗಾಜಿನ ಕೋಣೆ, ಇಬ್ಬರು ಹೆಂಗಸರು, ಕೆಳಗೆ ಇಡೀ ಊರಿನ ದೀಪಗಳು. ಇದನ್ನು ನೋಡಿದ ಮೇಲೆ ಸಿಮೆಂಟಿನ ಲೆಕ್ಕ ಯಾರಿಗೆ ಬೇಕು, ಅಲ್ವಾ? ಪತ್ರಿಕೆ 1967ರಲ್ಲಿ ನಿಂತಿತು.

2000ದಲ್ಲಿ ಶುರುವಾದ ಅಮೆರಿಕದ 'ಡ್ವೆಲ್' ಪತ್ರಿಕೆ ಮತ್ತೆ ಜನ ವಾಸಿಸುವ ಮನೆ ತೋರಿಸುತ್ತೇವೆ ಎಂದಿತು. ಫೋಟೊಗಾಗಿ ಮೇಜಿನ ಮೇಲೆ ಹಣ್ಣಿನ ಬುಟ್ಟಿ ಇಡುವ ಚಾಳಿಯನ್ನು ಮೊದಲ ಸಂಚಿಕೆಯಲ್ಲೇ ಗೇಲಿ ಮಾಡಿತು. ಒಳ್ಳೆಯದೇ. ಆದರೂ ಇವತ್ತು ಯಾವ ವಿನ್ಯಾಸ ಪತ್ರಿಕೆ ತೆರೆದರೂ ಖರ್ಚಿನ ಸಾಲು ಸಿಗುವುದು ಅಪರೂಪ.

ಆ ಲೆಕ್ಕ ಬೇಕಿದ್ದವರು ಕೇರಳದಲ್ಲಿ ಅಗ್ಗದ ಮನೆ ಕಟ್ಟಿದ ಆರ್ಕಿಟೆಕ್ಟ್ ಲಾರಿ ಬೇಕರ್ ಬರೆದ ಪುಟ್ಟ ಪುಸ್ತಕಗಳನ್ನು ಹುಡುಕಬೇಕು. ಹೊಳೆಯುವ ಕಾಗದವಿಲ್ಲ, ಚಿತ್ರಗಳೆಲ್ಲ ಅವರೇ ಕೈಯಲ್ಲಿ ಬಿಡಿಸಿದ್ದು. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ನಡುವೆ ಟೊಳ್ಳು ಬಿಟ್ಟು ಗೋಡೆ ಕಟ್ಟಿದರೆ ಸುಮಾರು ಕಾಲು ಭಾಗ ಇಟ್ಟಿಗೆ ಉಳಿಯುತ್ತದೆ ಎಂಬುದನ್ನು ಮೇಸ್ತ್ರಿಗೂ ಅರ್ಥವಾಗುವ ಹಾಗೆ ತೋರಿಸಿದ್ದಾರೆ.